ಗಣಕಯಂತ್ರದಲ್ಲಿ ೩೨ ಬಿಟ್ ಮತ್ತು ೬೪ ಬಿಟ್: ಬದಲಾವಣೆಯಿಂದ ಲಾಭವುಂಟೆ?

ಮಂಡ್ಯ, ಮದ್ದೂರು, ಮಳವಳ್ಳಿಗಳಂಥ ಊರುಗಳಲ್ಲಿ ತಾಲ್ಲೂಕು ಕಚೇರಿಯ ಅಥವಾ ನ್ಯಾಯಾಲಯದ ಸಮೀಪದ ಬೀದಿಗಳಲ್ಲಿ ಅರ್ಜಿ, ಕರಾರುಪತ್ರ, ವಂಶವೃಕ್ಷ ಮುಂತಾದವನ್ನು ಬೆರಳಚ್ಚು ಮಾಡಿಕೊಡುವ ಚಿಕ್ಕ ಅಂಗಡಿಗಳನ್ನು ಎಲ್ಲರೂ ಕಂಡಿರುತ್ತಾರೆ. ಅವುಗಳ ಪಕ್ಕದಲ್ಲಿಯೇ ಲಗ್ನಪತ್ರಿಕೆಗಳನ್ನೂ ಜಾತ್ರೆಯ ಕರಪತ್ರಗಳನ್ನೂ ಅಚ್ಚುಹಾಕುವ ಮುದ್ರಣಾಲಯವೂ ಇರುವುದುಂಟು. ಇಂಥ ಅಂಗಡಿಗಳ ಕಂಪ್ಯೂಟರು ಹತ್ತು ಹದಿನೈದು ವರ್ಷಗಳಷ್ಟು ಹಳೆಯದಾಗಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಅದು ಕೆಲಸ ಮಾಡುತ್ತಿದೆ, ಮಾಲೀಕನ ಸಂಸಾರ ಅದರಿಂದ ಸಾಗುತ್ತಿದೆ. ಆದರೆ ೨೦೨೫ನೆಯ ಇಸವಿಯ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ತರುವಾಯದ ವಿಂಡೋಸ್ ೧೧ ಎಂಬುದು ೩೨ ಬಿಟ್‌ನ ರೂಪದಲ್ಲಿ ಹೊರಬಂದೇ ಇಲ್ಲ. ಆದುದರಿಂದ ‘೬೪ ಬಿಟ್‌ಗೆ ಹೋಗಬೇಕೆ? ಹೋದರೆ ಪ್ರಯೋಜನವೇನು? ಹೋಗದಿದ್ದರೆ ನಷ್ಟವೇನು?’ ಎಂಬ ಪ್ರಶ್ನೆ ಈಗ ಅಂಗಡಿಯವನ ಮುಂದೆಯೂ, ಮನೆಯಲ್ಲಿ ಅಣ್ಣನ ಹಳೆಯ ಲ್ಯಾಪ್‌ಟಾಪನ್ನು ಬಳಸುವ ವಿದ್ಯಾರ್ಥಿಯ ಮುಂದೆಯೂ ನಿಂತಿದೆ. ‘ಅರವತ್ತನಾಲ್ಕು ಮೂವತ್ತೆರಡರ ಎರಡರಷ್ಟು, ಆದ್ದರಿಂದ ವೇಗವೂ ಎರಡರಷ್ಟು’ ಎಂದು ಉತ್ತರ ಕೊಡುವವರೂ ಇದ್ದಾರೆ. ಈ ಉತ್ತರ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸೋಣ.

ನಾವು ದಿನನಿತ್ಯ ಬಳಸುವ ದಶಮಾನ ಪದ್ಧತಿಯಲ್ಲಿ ಹತ್ತು ಅಂಕೆಗಳಿವೆ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿರುವ ಅಂಕೆಗಳು ಎರಡೇ: ೦ ಮತ್ತು ೧. ಇಂಥ ಒಂದು ಅಂಕೆಯ ಸ್ಥಾನವೇ ಬಿಟ್. ಎಂಟು ಬಿಟ್‌ಗಳು ಸೇರಿ ಒಂದು ಬೈಟ್ ಆಗುತ್ತದೆ. ಸ್ಥಾನಗಳು ಎಷ್ಟಿವೆಯೆಂಬುದು ಗೊತ್ತಾದರೆ ಎಷ್ಟು ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದೆಂಬುದೂ ಗೊತ್ತಾಗುತ್ತದೆ. ಮಂಡ್ಯದ ಪಿನ್ ಕೋಡ್ ೫೭೧೪೦೧, ಮದ್ದೂರಿನದು ೫೭೧೪೨೮, ಮಳವಳ್ಳಿಯದು ೫೭೧೪೩೦. ಇದರಲ್ಲಿ ಆರು ಅಂಕೆಗಳಿರುವುದರಿಂದ, ಅಂಚೆ ಇಲಾಖೆಯವರು ಏನೇ ಮಾಡಿದರೂ ಹತ್ತು ಲಕ್ಷಕ್ಕಿಂತ ಹೆಚ್ಚು ಸಂಖ್ಯೆಗಳನ್ನು ಹಂಚಲಾರರು. ದ್ವಿಮಾನ ಪದ್ಧತಿಯಲ್ಲಿ ಒಂದೊಂದು ಸ್ಥಾನ ಹೆಚ್ಚಿದಂತೆಲ್ಲ ಸಂಖ್ಯೆಗಳು ಎರಡೆರಡರಷ್ಟಾಗುತ್ತವೆ. ೮ ಬಿಟ್‌ಗಳಿಗೆ ೨೫೬. ೧೬ ಬಿಟ್‌ಗಳಿಗೆ ೬೫,೫೩೬. ೩೨ ಬಿಟ್‌ಗಳಿಗೆ ೪,೨೯,೪೯,೬೭,೨೯೬, ಎಂದರೆ ಸುಮಾರು ೪೨೯ ಕೋಟಿ. ೬೪ ಬಿಟ್‌ಗಳಿಗೆ? ಸುಮಾರು ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಕೋಟಿ ಕೋಟಿ!

ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಲು ಚದುರಂಗದ ಹಳೆಯ ಕಥೆ ಬಹಳ ಅನುಕೂಲವಾಗಿದೆ. ಚದುರಂಗವನ್ನು ಕಂಡುಹಿಡಿದವನು ರಾಜನಲ್ಲಿ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರವತ್ತನಾಲ್ಕು ಮನೆಗಳಿಗೂ ಕಾಳು ಬೇಡಿದನಂತೆ. ನಮ್ಮ ಸೀಮೆಗೆ ಒಪ್ಪುವಂತೆ ಅದನ್ನು ಭತ್ತವೆಂದು ಇಟ್ಟುಕೊಳ್ಳೋಣ. ಸಾವಿರ ಕಾಳಿನ ತೂಕ ಸುಮಾರು ೨೫ ಗ್ರಾಂ. ಹಾಸಿನ ಅರ್ಧದವರೆಗೆ, ಅಂದರೆ ೩೨ ಮನೆ ತುಂಬುವವರೆಗೆ, ಬೇಕಾಗುವ ಭತ್ತ ನೂರು ಟನ್ನಿಗೆ ಸ್ವಲ್ಪ ಮೇಲೆ. ಕೆಲವು ಲಾರಿಗಳಲ್ಲಿ ತಂದು ಸುರಿಯಬಹುದು. ರಾಜನಿಗೆ ಅದೇನೂ ಭಾರವಲ್ಲ. ಆದರೆ ೬೪ ಮನೆಗಳೂ ತುಂಬಬೇಕಾದರೆ ಸುಮಾರು ೪೬,೦೦೦ ಕೋಟಿ ಟನ್ ಭತ್ತ ಬೇಕು. ಇಡೀ ಪ್ರಪಂಚವು ಈಗ ಬೆಳೆಯುತ್ತಿರುವ ಪ್ರಮಾಣದಲ್ಲಿಯೇ ಐನೂರು ವರ್ಷಗಳಿಗೂ ಮಿಕ್ಕಿ ಬೆಳೆದರೆ ಮಾತ್ರ ಅಷ್ಟು ಭತ್ತ ಒದಗೀತು. ೩೨ ಬಿಟ್‌ನಿಂದ ೬೪ ಬಿಟ್‌ಗೆ ಹೋಗುವುದೆಂದರೆ ಲೆಕ್ಕದ ಮಟ್ಟಿಗೆ ಹಾಸಿನ ಅರ್ಧದಿಂದ ಕೊನೆಯವರೆಗೆ ಹೋಗುವುದು. ಎರಡರಷ್ಟಾಗುವುದು ಸ್ಥಾನಗಳ ಸಂಖ್ಯೆಯೇ ಹೊರತು ಸಾಮರ್ಥ್ಯದ ಮಿತಿಯಲ್ಲ. ಹಾಗೆಂದು ಆ ಮಿತಿಯೆಲ್ಲವೂ ನಮಗೆ ಬೇಕೆ ಎಂಬುದು ಬೇರೆ ಪ್ರಶ್ನೆ.

ಈ ಬಿಟ್‌ಗಳು ಯಂತ್ರದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತವೆ? ಮುಖ್ಯವಾಗಿ ಎರಡು ಕಡೆ. ಪ್ರೊಸೆಸರಿನ ಒಳಗೆ, ಲೆಕ್ಕ ಮಾಡುವಾಗ ಸಂಖ್ಯೆಗಳನ್ನು ಕ್ಷಣಕಾಲ ಇರಿಸಿಕೊಳ್ಳುವ ರಿಜಿಸ್ಟರುಗಳೆಂಬ ಪುಟ್ಟ ಸ್ಥಳಗಳಿವೆ. ಇವುಗಳ ಅಗಲ ಒಂದು. ಪ್ರೊಸೆಸರಿನ ಹೊರಗಿರುವ ಸ್ಮೃತಿಯಲ್ಲಿ, ಎಂದರೆ ರ‍್ಯಾಮ್‌ನಲ್ಲಿ, ಪ್ರತಿಯೊಂದು ಬೈಟಿಗೂ ಒಂದು ವಿಳಾಸವಿರುತ್ತದೆ. ಈ ವಿಳಾಸದ ಅಗಲ ಎರಡನೆಯದು. ೩೨ ಬಿಟ್‌ಗಳ ವಿಳಾಸದಿಂದ ೪೨೯ ಕೋಟಿ ಬೈಟ್‌ಗಳನ್ನು ಮಾತ್ರ ಗುರುತಿಸಬಹುದು. ಇದನ್ನೇ ನಾವು ೪ ಗಿಗಾಬೈಟ್ ಎನ್ನುವುದು. ಇಲ್ಲಿಯೂ ಒಂದಷ್ಟು ವಿಳಾಸಗಳನ್ನು ಪರದೆಯ ಕಾರ್ಡು ಮುಂತಾದ ಉಪಕರಣಗಳಿಗೆ ಮೀಸಲಿಡಬೇಕಾಗುವುದರಿಂದ, ೪ ಗಿಗಾಬೈಟ್ ರ‍್ಯಾಮ್ ಹಾಕಿದರೂ ೩೨ ಬಿಟ್‌ನ ವಿಂಡೋಸ್ ಸಾಮಾನ್ಯವಾಗಿ ಮೂರು, ಮೂರೂವರೆ ಗಿಗಾಬೈಟನ್ನು ಮಾತ್ರ ಕಾಣುತ್ತದೆ. ಅದರಲ್ಲಿ ಯಾವುದೇ ಒಂದು ತಂತ್ರಾಂಶಕ್ಕೆ ಸಾಧಾರಣವಾಗಿ ದೊರೆಯುವ ವಿಳಾಸಗಳು ೨ ಗಿಗಾಬೈಟಿನಷ್ಟು. ಉಳಿದರ್ಧ ವ್ಯವಸ್ಥೆಯ ಪಾಲು.

ಇಂಥ ಗೋಡೆಗೆ ಕಂಪ್ಯೂಟರು ತಲೆ ತಾಕಿಸಿದ್ದು ಇದೇ ಮೊದಲ ಸಲವಲ್ಲ. ೧೯೭೧ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ೪೦೦೪ ಎಂಬ ಪ್ರೊಸೆಸರು ನಾಲ್ಕು ಬಿಟ್‌ನದು. ೧೯೭೮ರಲ್ಲಿ ಬಂದ ೮೦೮೬ ಹದಿನಾರು ಬಿಟ್‌ನದು. ಹದಿನಾರು ಬಿಟ್‌ಗಳಿಂದ ೬೫,೫೩೬ ಬೈಟ್‌ಗಳನ್ನಷ್ಟೇ ಗುರುತಿಸಲು ಸಾಧ್ಯ. ಅದು ಸಾಲದೆ ಬಂದಾಗ ಆ ಯಂತ್ರವನ್ನು ರಚಿಸಿದವರು ಒಂದು ಉಪಾಯ ಮಾಡಿದರು. ಮಂಡ್ಯದ ವಾಹನಗಳ ಸಂಖ್ಯೆಯನ್ನು ನೋಡಿ: ‘ಕೆಎ ೧೧’ ಆದಮೇಲೆ ಬರುವ ನಾಲ್ಕು ಅಂಕೆಗಳು ೯೯೯೯ಕ್ಕೆ ಮುಗಿದುಹೋಗುತ್ತವೆ. ಆಗ ಸಾರಿಗೆ ಇಲಾಖೆಯವರು ಐದನೆಯ ಅಂಕೆಯನ್ನು ಸೇರಿಸಲಿಲ್ಲ. ಅಂಕೆಗಳ ಮುಂದೆ ಅಕ್ಷರವನ್ನು ಬದಲಾಯಿಸಿ ಮತ್ತೆ ಮೊದಲಿನಿಂದ ಎಣಿಸಿದರು. ೮೦೮೬ ಪ್ರೊಸೆಸರಿನಲ್ಲಿಯೂ ‘ಸೆಗ್ಮೆಂಟ್’ ಎಂಬ ಎರಡನೆಯ ಸಂಖ್ಯೆಯನ್ನು ಹದಿನಾರರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿ, ೨೦ ಬಿಟ್‌ಗಳ ವಿಳಾಸವನ್ನು, ಅಂದರೆ ೧೦,೪೮,೫೭೬ ಬೈಟ್‌ಗಳನ್ನು, ಮುಟ್ಟುವ ಏರ್ಪಾಡಿತ್ತು. ವಾಹನಕ್ಕೆ ಇದು ಸಾಕು. ತಂತ್ರಾಂಶ ಬರೆಯುವವನಿಗೆ ಮಾತ್ರ, ಪ್ರತಿ ಹೆಜ್ಜೆಗೂ ತಾನು ಯಾವ ಸರಣಿಯಲ್ಲಿದ್ದೇನೆಂದು ನೆನಪಿಡಬೇಕಾದ ಕಷ್ಟ. ೧೯೮೫ರಲ್ಲಿ ೩೨ ಬಿಟ್‌ನ ೮೦೩೮೬ ಬಂದಾಗ ಅವರು ನಿಟ್ಟುಸಿರು ಬಿಟ್ಟರು. ಹತ್ತು ವರ್ಷಗಳಲ್ಲಿಯೇ ಪುನಃ ಅದೇ ಉಪಾಯ: ೧೯೯೫ರ ಪೆಂಟಿಯಮ್ ಪ್ರೊ ಪ್ರೊಸೆಸರು ರ‍್ಯಾಮ್‌ನ ವಿಳಾಸವನ್ನು ೩೬ ಬಿಟ್‌ಗೆ ಹಿಗ್ಗಿಸಿ ೬೪ ಗಿಗಾಬೈಟನ್ನು ಮುಟ್ಟಿತು. ಆದರೆ ಒಂದೊಂದು ತಂತ್ರಾಂಶದ ಕಣ್ಣಿಗೆ ಬೀಳುವ ವಿಳಾಸ ೩೨ ಬಿಟ್‌ನದಾಗಿಯೇ ಉಳಿಯಿತು.

೬೪ ಬಿಟ್‌ಗೆ ಹೋಗಲು ಎರಡು ದಾರಿಗಳನ್ನು ಎರಡು ಸಂಸ್ಥೆಗಳು ಹಿಡಿದುದು ಈ ಚರಿತ್ರೆಯ ಸ್ವಾರಸ್ಯವಾದ ಭಾಗ. ಇಂಟೆಲ್ ಸಂಸ್ಥೆಯು ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯೊಡನೆ ಸೇರಿ, ಹಳೆಯದನ್ನೆಲ್ಲ ಬದಿಗಿಟ್ಟು, ಬುಡದಿಂದ ಹೊಸದಾದ ಇಟೇನಿಯಂ ಎಂಬ ಪ್ರೊಸೆಸರನ್ನು ರಚಿಸಿ ೨೦೦೧ರಲ್ಲಿ ಹೊರತಂದಿತು. ರಚನೆಯ ದೃಷ್ಟಿಯಿಂದ ಅದು ಅಂದವಾದದ್ದೇ. ಆದರೆ ಜನರ ಬಳಿ ಇದ್ದ ಹಳೆಯ ೩೨ ಬಿಟ್ ತಂತ್ರಾಂಶಗಳು ಅದರ ಮೇಲೆ ಕುಂಟುತ್ತ ನಡೆದವು. ಎಎಂಡಿ ಸಂಸ್ಥೆಯು ಹಳೆಯ ಮನೆಯನ್ನು ಕೆಡವದೆ ಅದರ ಮೇಲೆಯೇ ಅಂತಸ್ತು ಕಟ್ಟಿತು. ೨೦೦೩ರಲ್ಲಿ ಅದು ತಂದ ಆಪ್ಟೆರಾನ್ ಮತ್ತು ಆಥ್ಲಾನ್ ೬೪ ಪ್ರೊಸೆಸರುಗಳು ೩೨ ಬಿಟ್‌ನ ಕೆಲಸವನ್ನು ಪೂರ್ಣ ವೇಗದಲ್ಲಿ ಮಾಡುತ್ತಲೇ ೬೪ ಬಿಟ್‌ನ ಕೆಲಸವನ್ನೂ ಮಾಡಬಲ್ಲವಾಗಿದ್ದವು. ಮರುವರ್ಷವೇ ಇಂಟೆಲ್ ಸಂಸ್ಥೆಯು ಪ್ರತಿಸ್ಪರ್ಧಿಯ ಈ ವಿಧಾನವನ್ನು ತನ್ನ ಪ್ರೊಸೆಸರುಗಳಲ್ಲಿ ಅಳವಡಿಸಿಕೊಳ್ಳಬೇಕಾಯಿತು. ಇಟೇನಿಯಂನ ಕೊನೆಯ ರವಾನೆ ೨೦೨೧ರಲ್ಲಿ ಮುಗಿಯಿತು. ಇಂದು ನಮ್ಮ ಮೇಜಿನ ಮೇಲಿರುವ ಬಹುಪಾಲು ಕಂಪ್ಯೂಟರುಗಳು ಎಎಂಡಿಯ ಆ ಮಾರ್ಗದ ಸಂತತಿ. ಹೊಸ ರಚನೆಯೊಂದರ ಬೆಲೆಯನ್ನು ಕಟ್ಟುವವರು ಪ್ರಯೋಗಾಲಯದವರಲ್ಲ, ಹಳೆಯ ತಂತ್ರಾಂಶದ ಒಡೆಯರು ಎಂಬುದು ಇದರಿಂದ ಕಾಣುತ್ತದೆ.

ಈಗ ಲಾಭಗಳ ಲೆಕ್ಕ. ಮೊದಲನೆಯದು, ಹಾಗೂ ಎಲ್ಲಕ್ಕಿಂತ ದೊಡ್ಡದು, ಸ್ಮೃತಿ. ಆಪ್ಟೆರಾನ್‌ನಂಥ ಮೊದಲ ಪ್ರೊಸೆಸರುಗಳು ಅರವತ್ತನಾಲ್ಕರಲ್ಲಿ ೪೮ ಬಿಟ್‌ಗಳನ್ನು ಮಾತ್ರ ತಂತ್ರಾಂಶದ ವಿಳಾಸಕ್ಕೆ ಬಳಸಿದವು. ಅದರಿಂದಲೇ ೨,೬೨,೧೪೪ ಗಿಗಾಬೈಟಿನಷ್ಟು ವಿಳಾಸಗಳು ದೊರೆತವು. ದೊಡ್ಡ ಚಿತ್ರಗಳನ್ನು ತಿದ್ದುವವರು, ಚಲಚ್ಚಿತ್ರ ಸಂಕಲನ ಮಾಡುವವರು, ಲಕ್ಷಾಂತರ ಸಾಲುಗಳ ಪಟ್ಟಿಯನ್ನು ಒಮ್ಮೆಗೇ ತೆರೆಯಬೇಕಾದವರು, ಇವರಿಗೆ ೨ ಗಿಗಾಬೈಟಿನ ಗೋಡೆ ದಿನವೂ ಅಡ್ಡಬರುತ್ತದೆ. ಆ ಗೋಡೆ ಬಿದ್ದರೆ ಅವರಿಗೆ ನಿಜವಾದ ಲಾಭ. ಒಂದು ಪುಟದ ಅರ್ಜಿಯನ್ನು ಬೆರಳಚ್ಚು ಮಾಡುವವನು ಆ ಗೋಡೆಯ ಹತ್ತಿರಕ್ಕೂ ಹೋಗುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯನ್ನು ಎಷ್ಟೇ ಅಗಲ ಮಾಡಿದರೂ ಎರಡು ಕುಂಟೆ ಗದ್ದೆಗೆ ಬೇಕಾದ ನೀರು ಅಷ್ಟೇ ಅಲ್ಲವೆ?

ಎರಡನೆಯದು ದೊಡ್ಡ ಪೂರ್ಣಾಂಕಗಳ ಗಣಿತ. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದರಿಂದ ಹನ್ನೆರಡರವರೆಗಿನ ಸಂಖ್ಯೆಗಳ ಗುಣಲಬ್ಧ ೪೭,೯೦,೦೧,೬೦೦. ಇದು ೩೨ ಬಿಟ್‌ಗಳಲ್ಲಿ ಹಿಡಿಸುತ್ತದೆ. ಹದಿಮೂರರವರೆಗೆ ಗುಣಿಸಿದರೆ ೬,೨೨,೭೦,೨೦,೮೦೦. ಇದು ಹಿಡಿಸುವುದಿಲ್ಲ. ಆಗ ಯಂತ್ರವು ‘ನನ್ನಿಂದಾಗದು’ ಎಂದು ಹೇಳುವುದೂ ಇಲ್ಲ. ಹಳೆಯ ವಿದ್ಯುತ್ ಮೀಟರು ೯೯೯೯ ಆದಮೇಲೆ ಸೊನ್ನೆಗೆ ಹೊರಳುವಂತೆ ಸುತ್ತು ತಿರುಗಿ ೧,೯೩,೨೦,೫೩,೫೦೪ ಎಂಬ ತಪ್ಪು ಉತ್ತರವನ್ನು ಗಂಭೀರವಾಗಿ ಕೊಡುತ್ತದೆ. ೬೪ ಬಿಟ್‌ಗಳಿದ್ದರೆ ಇಪ್ಪತ್ತರವರೆಗಿನ ಗುಣಲಬ್ಧ ಹಿಡಿಸುತ್ತದೆ, ಇಪ್ಪತ್ತೊಂದರದು ಹಿಡಿಸುವುದಿಲ್ಲ. (ಅವೊಗಾಡ್ರೊ ಸಂಖ್ಯೆಯಾದರೋ ಅರವತ್ತನಾಲ್ಕರಲ್ಲಿಯೂ ಹಿಡಿಸದು.) ೩೨ ಬಿಟ್‌ನ ಪ್ರೊಸೆಸರು ದೊಡ್ಡ ಸಂಖ್ಯೆಗಳನ್ನು ಗುಣಿಸಲಾರದೆಂದು ಇದರ ಅರ್ಥವಲ್ಲ. ಒಂದಂಕಿಯ ಮಗ್ಗಿ ಮಾತ್ರ ಬಲ್ಲ ಬಾಲಕನು ಎರಡಂಕಿಯ ಸಂಖ್ಯೆಗಳನ್ನು ನಾಲ್ಕು ಗುಣಾಕಾರಗಳಿಂದಲೂ ಕೆಲವು ಸಂಕಲನಗಳಿಂದಲೂ ಗುಣಿಸುವಂತೆ ಅದೂ ಗುಣಿಸುತ್ತದೆ. ಅಗಲವಾದ ಯಂತ್ರ ಅದನ್ನು ಒಂದೇ ಸಲಕ್ಕೆ ಮಾಡುತ್ತದೆ. ಗೂಢಲಿಪಿಯ ಲೆಕ್ಕಗಳಲ್ಲಿ ಇಂಥ ಗುಣಾಕಾರಗಳು ಹೇರಳವಾಗಿರುವುದರಿಂದ ಅಲ್ಲಿ ವೇಗವು ಎದ್ದು ಕಾಣುವಷ್ಟು ಹೆಚ್ಚುತ್ತದೆ.

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಲ್ಲಿ ನಾನು ಅನೇಕ ಸಲ ಕಂಡಿರುವ ಒಂದು ತಪ್ಪು ಗ್ರಹಿಕೆಯನ್ನು ಹೇಳಬೇಕು. ೬೪ ಬಿಟ್‌ನ ಕಂಪ್ಯೂಟರಿನಲ್ಲಿ ದಶಾಂಶ ಬಿಂದುವಿನ ನಂತರದ ಸ್ಥಾನಗಳು ಹೆಚ್ಚು ನಿಖರವಾಗಿ ಬರುತ್ತವೆಂದು ಅವರು ತಿಳಿಯುತ್ತಾರೆ. ಹಾಗಲ್ಲ. ಭಿನ್ನರಾಶಿಯ ಸಂಖ್ಯೆಗಳನ್ನು ೬೪ ಬಿಟ್‌ಗಳಲ್ಲಿ ಬರೆದಿಡುವ ಕ್ರಮ ೧೯೮೫ರಲ್ಲಿಯೇ ಐಇಇಇ ಸಂಸ್ಥೆಯ ೭೫೪ನೆಯ ಮಾನಕವಾಗಿ ನೆಲೆಗೊಂಡಿತು. ಅದಕ್ಕೂ ಮೊದಲೇ, ೧೯೮೦ರಲ್ಲಿ, ಇಂಟೆಲ್‌ನ ೮೦೮೭ ಎಂಬ ಸಹಾಯಕ ಪ್ರೊಸೆಸರು ೮೦ ಬಿಟ್‌ಗಳ ಭಿನ್ನರಾಶಿಗಳನ್ನು ಲೆಕ್ಕ ಮಾಡುತ್ತಿತ್ತು. ಅದು ಜೊತೆಗೂಡಿದ್ದುದು ೧೬ ಬಿಟ್‌ನ ೮೦೮೬ರೊಡನೆ! ಲೋಲಕದ ಆವರ್ತಕಾಲವನ್ನು ಹಳೆಯ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿದರೂ ಹೊಸದರಲ್ಲಿ ಮಾಡಿದರೂ ಸುಮಾರು ಹದಿನೈದು ಅಂಕೆಗಳವರೆಗೆ ಒಂದೇ ಉತ್ತರ. ಗಡಿಯಾರದ ಗುಂಡಿಯನ್ನು ಒತ್ತುವ ಬೆರಳಿನ ತಡವೇ ಅದಕ್ಕಿಂತ ಎಷ್ಟೋ ಕೋಟಿ ಪಾಲು ದೊಡ್ಡದು.

ಮೂರನೆಯ ಲಾಭ ಹೆಸರಿಗೆ ಸಂಬಂಧಿಸಿದ್ದೇ ಅಲ್ಲ. ಹಳೆಯ ರಚನೆಯಲ್ಲಿ ಸಾಮಾನ್ಯ ಉಪಯೋಗದ ರಿಜಿಸ್ಟರುಗಳು ಎಂಟಿದ್ದವು; ಎಎಂಡಿಯವರು ಅಗಲಿಸುವಾಗಲೇ ಅವನ್ನು ಹದಿನಾರು ಮಾಡಿದರು. ಅಡಿಗೆಮನೆಯಲ್ಲಿ ಕೈಗೆಟಕುವ ಪಾತ್ರೆಗಳು ಹೆಚ್ಚಿದಷ್ಟೂ ಉಗ್ರಾಣಕ್ಕೆ ಓಡಾಡುವುದು ಕಡಿಮೆಯಾಗುವಂತೆ, ಪ್ರೊಸೆಸರು ಸ್ಮೃತಿಯ ಕಡೆಗೆ ಹೋಗಿಬರುವುದು ಇದರಿಂದ ಕಡಿಮೆಯಾಗುತ್ತದೆ. ಲೆಕ್ಕವೇ ಪ್ರಧಾನವಾದ ತಂತ್ರಾಂಶಗಳಲ್ಲಿ ಕಾಣುವ ವೇಗವೃದ್ಧಿಗೆ ಬಹುಮಟ್ಟಿಗೆ ಇದೇ ಕಾರಣ.

ಇನ್ನು ನಷ್ಟದ ಕಡೆಗೆ ಬರೋಣ. ವಿಳಾಸದ ಅಗಲ ಎರಡರಷ್ಟಾದರೆ, ವಿಳಾಸವನ್ನು ಬರೆದಿಡಲು ಬೇಕಾದ ಜಾಗವೂ ಎರಡರಷ್ಟು. ತಂತ್ರಾಂಶಗಳಲ್ಲಿ ‘ಮುಂದಿನ ಮಾಹಿತಿ ಇಂಥ ವಿಳಾಸದಲ್ಲಿದೆ’ ಎಂದು ಸೂಚಿಸುವ ಕೈಮರಗಳು ಲಕ್ಷಗಟ್ಟಲೆ ಇರುತ್ತವೆ. ನಾಲ್ಕು ಬೈಟಿನ ಒಂದು ಸಂಖ್ಯೆ, ಅದರ ಜೊತೆಗೆ ಒಂದು ಕೈಮರ, ಇಂಥ ಒಂದು ಕೋಟಿ ಕೊಂಡಿಗಳ ಸರಪಳಿಯನ್ನು ಊಹಿಸಿ. ೩೨ ಬಿಟ್‌ನಲ್ಲಿ ಒಂದು ಕೊಂಡಿಗೆ ಎಂಟು ಬೈಟ್. ಒಟ್ಟು ಎಂಟು ಕೋಟಿ ಬೈಟ್. ೬೪ ಬಿಟ್‌ನಲ್ಲಿ ಕೈಮರವೇ ಎಂಟು ಬೈಟ್, ಸಂಖ್ಯೆಗೆ ನಾಲ್ಕು, ಎಂಟರ ಗಡಿಗೆ ಸರಿಹೊಂದಿಸಲು ನಾಲ್ಕು ಬೈಟ್ ಖಾಲಿ, ಒಟ್ಟು ಹದಿನಾರು ಕೋಟಿ ಬೈಟ್. ಮಾಹಿತಿ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಮೂಗಿಗಿಂತ ಮೂಗುತಿ ಭಾರವೆನ್ನುವುದು ಇದಕ್ಕೆ.

ರ‍್ಯಾಮ್ ಅಗ್ಗವಾಗಿರುವಾಗ ಇದಕ್ಕೇಕೆ ಚಿಂತೆ ಎನ್ನಬಹುದು. ಚಿಂತೆ ರ‍್ಯಾಮ್‌ನ ಬೆಲೆಯದಲ್ಲ, ದೂರದ್ದು. ಸೆಕೆಂಡಿಗೆ ಮುನ್ನೂರು ಕೋಟಿ ಸಲ ಮಿಡಿಯುವ ಪ್ರೊಸೆಸರಿನ ಒಂದು ಮಿಡಿತದಲ್ಲಿ ಬೆಳಕೇ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಹೋಗಲಾರದು. ತಂತಿಯಲ್ಲಿನ ಸಂಕೇತ ಇನ್ನೂ ನಿಧಾನ. ರ‍್ಯಾಮ್‌ನಿಂದ ಒಂದು ಸಂಖ್ಯೆಯನ್ನು ತರಿಸಿಕೊಳ್ಳುವಷ್ಟರಲ್ಲಿ ನೂರಾರು ಮಿಡಿತಗಳು ವ್ಯರ್ಥವಾಗಿ ಕಳೆದುಹೋಗುತ್ತವೆ. ಆದ್ದರಿಂದಲೇ ಪ್ರೊಸೆಸರಿನ ಒಡಲಲ್ಲಿಯೇ ಕ್ಯಾಷ್ ಎಂಬ ಚಿಕ್ಕ, ಶೀಘ್ರ ಸ್ಮೃತಿಯನ್ನು ಇಟ್ಟಿರುವುದು. ಕೈಮರಗಳು ದಪ್ಪವಾದರೆ ಅದರಲ್ಲಿ ಹಿಡಿಸುವ ಮಾಹಿತಿ ಕಡಿಮೆ; ಉಗ್ರಾಣದ ಓಡಾಟ ಮತ್ತೆ ಹೆಚ್ಚು. ಹೀಗೆ ರಿಜಿಸ್ಟರುಗಳಿಂದ ಗಳಿಸಿದ್ದನ್ನು ಕ್ಯಾಷ್‌ನಲ್ಲಿ ಕಳೆದುಕೊಳ್ಳುವ ತಂತ್ರಾಂಶಗಳೂ ಉಂಟು. ಮೈಕ್ರೋಸಾಫ್ಟ್‌ನವರು ೧೯೯೭ರಲ್ಲಿ ಆರಂಭಿಸಿದ ವಿಷುಯಲ್ ಸ್ಟುಡಿಯೋ ಎಂಬ ತಂತ್ರಾಂಶ, ಪ್ರಪಂಚದ ತಂತ್ರಾಂಶ ರಚಕರಲ್ಲಿ ಲಕ್ಷಾಂತರ ಮಂದಿ ಬಳಸುವಂಥದು, ೨೦೨೧ರ ನವೆಂಬರ್‌ವರೆಗೂ ೩೨ ಬಿಟ್‌ನದಾಗಿಯೇ ಇದ್ದಿತು. ೬೪ ಬಿಟ್‌ನ ತಂತ್ರಾಂಶವನ್ನು ಇತರರು ರಚಿಸಲು ನೆರವಾಗುತ್ತಿದ್ದ ಸಾಧನ ತಾನು ಮಾತ್ರ ಅಲ್ಲಿಗೆ ಹೋಗಲು ಅಷ್ಟು ಕಾಲ ಹಿಡಿಯಿತೆಂದಮೇಲೆ ಲಾಭನಷ್ಟಗಳು ಎಷ್ಟು ಹತ್ತಿರ ಹತ್ತಿರವಿದ್ದವೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಇದಕ್ಕಿಂತಲೂ ಕಠಿನವಾದ ತೊಡಕು ಬೇರೊಂದಿದೆ. ಪ್ರೊಸೆಸರು, ಅದರ ಮೇಲೆ ಕಾರ್ಯಾಚರಣ ವ್ಯವಸ್ಥೆ, ಅದರ ಮೇಲೆ ತಂತ್ರಾಂಶ ಎಂಬ ಮೂರು ಅಂತಸ್ತುಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು. ೬೪ ಬಿಟ್‌ನ ಪ್ರೊಸೆಸರಿನ ಮೇಲೆ ೩೨ ಬಿಟ್‌ನ ವಿಂಡೋಸ್ ನಡೆಯುತ್ತದೆ. ೬೪ ಬಿಟ್‌ನ ವಿಂಡೋಸ್ ಮೇಲೆ ೩೨ ಬಿಟ್‌ನ ತಂತ್ರಾಂಶ ನಡೆಯುತ್ತದೆ. ಆದರೆ ಒಂದೇ ತಂತ್ರಾಂಶದ ಒಳಗೆ ಎರಡೂ ಕೂಡಿ ಬಾಳಲಾರವು. ೬೪ ಬಿಟ್‌ನ ವರ್ಡ್ ಅಥವಾ ಎಕ್ಸೆಲ್ ತಂತ್ರಾಂಶಕ್ಕೆ ಯಾರೋ ಎಂದೋ ಬರೆದ ೩೨ ಬಿಟ್‌ನ ಉಪಾಂಗವನ್ನು ಸಿಕ್ಕಿಸಲು ಬರುವುದಿಲ್ಲ. ೨೦೧೦ರಲ್ಲಿ ಆಫೀಸ್ ತಂತ್ರಾಂಶದ ೬೪ ಬಿಟ್ ರೂಪವನ್ನು ಮೊದಲಬಾರಿಗೆ ತಂದ ಮೈಕ್ರೋಸಾಫ್ಟ್ ಸಂಸ್ಥೆಯೇ, ಇದೇ ಕಾರಣಕ್ಕಾಗಿ ಹೆಚ್ಚಿನವರು ೩೨ ಬಿಟ್‌ನದನ್ನೇ ಹಾಕಿಕೊಳ್ಳಲಿ ಎಂದು ಬಹುಕಾಲ ಸಲಹೆ ಕೊಡುತ್ತಿತ್ತು. ೧೬ ಬಿಟ್‌ನ ಹಳೆಯ ಡಾಸ್ ತಂತ್ರಾಂಶಗಳಂತೂ ೬೪ ಬಿಟ್‌ನ ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದೇ ಇಲ್ಲ. ಒಂದು ವಿಚಿತ್ರವೆಂದರೆ, ತೊಂಬತ್ತರ ದಶಕದ ಕೆಲವು ತಂತ್ರಾಂಶಗಳು ತಾವು ೩೨ ಬಿಟ್‌ನವಾಗಿದ್ದರೂ ಅವನ್ನು ಯಂತ್ರದಲ್ಲಿ ಸ್ಥಾಪಿಸುವ ಭಾಗ ೧೬ ಬಿಟ್‌ನದಾಗಿತ್ತು. ಮನೆಯೊಳಗೆ ಇರಬಲ್ಲವು, ಬಾಗಿಲಲ್ಲಿ ನುಗ್ಗಲಾರವು.

ಹೊರಗಿನ ಉಪಕರಣಗಳ ಡ್ರೈವರುಗಳು ವ್ಯವಸ್ಥೆಯ ಗರ್ಭದಲ್ಲಿ ಕೆಲಸ ಮಾಡುವಂಥವಾದ್ದರಿಂದ ಅವು ವ್ಯವಸ್ಥೆಯಷ್ಟೇ ಬಿಟ್‌ನವಾಗಿರಲೇಬೇಕು. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಇದರ ಬಿಸಿ ತಟ್ಟುತ್ತದೆ. ಉಷ್ಣತೆಯನ್ನೋ ವೋಲ್ಟೇಜನ್ನೋ ಕಂಪ್ಯೂಟರಿಗೆ ದಾಖಲಿಸುವ ಒಂದು ಕಾರ್ಡು ಇಪ್ಪತ್ತು ವರ್ಷ ಚೆನ್ನಾಗಿಯೇ ದುಡಿದಿರುತ್ತದೆ. ಅದರ ತಯಾರಕರು ೬೪ ಬಿಟ್‌ನ ಡ್ರೈವರನ್ನು ಬರೆಯದೆ ಹೋದರೆ, ಹೊಸ ಕಂಪ್ಯೂಟರು ಬಂದ ದಿನವೇ ಆ ಕಾರ್ಡು ಗುಜರಿಯ ಪ್ರಾಯವಾಗುತ್ತದೆ. ಇಂಥ ಕಡೆ ಹಳೆಯ ಕಂಪ್ಯೂಟರನ್ನು ಅಂತರಜಾಲದಿಂದ ಬಿಡಿಸಿ ಉಪಕರಣದ ಜೊತೆಗೇ ಉಳಿಸಿಕೊಳ್ಳುವುದು ನಾಚಿಕೆಯ ವಿಷಯವಲ್ಲ. ಗಾಲ್ವನೋಮೀಟರು ಹಳೆಯದೆಂದು ಯಾರಾದರೂ ಎಸೆಯುತ್ತಾರೆಯೆ?

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಬಿಟ್‌ಗಳದ್ದೇ ಮತ್ತೊಂದು ಅಧ್ಯಾಯವಿದೆ. ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಮುಖ್ಯವಾದದ್ದು. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಸರ್ಕಾರದ ಕಚೇರಿಗಳಲ್ಲೆಲ್ಲ ಬಳಕೆಗೆ ಬಂದ ‘ನುಡಿ’, ಈ ತಂತ್ರಾಂಶಗಳ ಮೊದಮೊದಲ ರೂಪಗಳಲ್ಲಿ ಕನ್ನಡವನ್ನು ೮ ಬಿಟ್‌ಗಳಲ್ಲಿ ತುಂಬಬೇಕಾಗಿತ್ತು. ಎಂಟು ಬಿಟ್‌ಗಳಿಗೆ ೨೫೬ ಸ್ಥಾನಗಳು. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳೆಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿದರೆ ಅಷ್ಟರಲ್ಲಿ ಹಿಡಿಸುವ ಮಾತಿಲ್ಲ. ಆದುದರಿಂದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡುತುಂಡಾಗಿಸಿ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಸೇರಿದ ಸ್ಥಾನಗಳಲ್ಲಿ ಕೂರಿಸಿದರು. ಕಡತದಲ್ಲಿರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿ, ಓದಲಾಗದ ಚಿಹ್ನೆಗಳ ಸಾಲು ಹೊರಬೀಳುತ್ತದೆ.

ಯೂನಿಕೋಡ್ ಎಂಬ ಜಾಗತಿಕ ಮಾನಕವು ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಸ್ವಂತ ಬಡಾವಣೆಯೊಂದನ್ನು ಕೊಟ್ಟಿತು. ಅದರಲ್ಲಿ ‘ಮಂಡ್ಯ’ ಎಂದರೆ ಮ, ಅನುಸ್ವಾರ, ಡ, ವಿರಾಮಚಿಹ್ನೆಯಾದ ಹಲಂತ, ಯ ಎಂಬ ಐದು ಸಂಕೇತಗಳು: ೩೨೪೬, ೩೨೦೨, ೩೨೩೩, ೩೨೭೭, ೩೨೪೭. ಯಾವ ದೇಶದ ಯಾವ ಯಂತ್ರದಲ್ಲಿಯೂ ಇವು ಮಂಡ್ಯವೇ. ಅಂತರಜಾಲದಲ್ಲಿ ಹೆಚ್ಚಾಗಿ ಬಳಸುವ ಕ್ರಮದಲ್ಲಿ ಇದಕ್ಕೆ ಹದಿನೈದು ಬೈಟ್‌ಗಳು ಬೇಕು. ಹಳೆಯ ಕ್ರಮದಲ್ಲಿ ಇದರ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತಿತ್ತು. ಆದರೂ ಈ ದುಂದು ನ್ಯಾಯವಾದದ್ದೇ. ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು, ಫೋನಿನಲ್ಲಿ ಓದಬಹುದು. ನಮ್ಮ ಮುದ್ರಣಾಲಯಗಳಲ್ಲಿ ಬೇರೂರಿರುವ ಪೇಜ್‌ಮೇಕರ್ ತಂತ್ರಾಂಶವೋ ಯೂನಿಕೋಡನ್ನು ಅರಿಯದು. ಅದರ ಕೊನೆಯ ಆವೃತ್ತಿ ಬಂದದ್ದು ೨೦೦೧ರಲ್ಲಿ. ಹೀಗಿರುವಾಗ ಲಗ್ನಪತ್ರಿಕೆಯ ಅಂಗಡಿಯವನು ಹೊಸ ೬೪ ಬಿಟ್‌ನ ಕಂಪ್ಯೂಟರನ್ನು ತಂದು ಅದರ ಮೇಲೆ ಅದೇ ಪೇಜ್‌ಮೇಕರನ್ನು ಹೇಗೋ ಕೂರಿಸಿದರೆ, ಹಣ ಖರ್ಚಾಯಿತೇ ಹೊರತು ಅವನ ಅಕ್ಷರಗಳು ೮ ಬಿಟ್‌ನ ಸೆರೆಯಿಂದ ಬಿಡುಗಡೆಯಾಗಲಿಲ್ಲ.

ಮಾಹಿತಿಯ ಆಯುಸ್ಸು ಯಂತ್ರದ ಆಯುಸ್ಸಿಗಿಂತ ಬಹಳ ದೊಡ್ಡದು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಮೇಜಿನ ಮೇಲಿನ ಕಂಪ್ಯೂಟರುಗಳೆಲ್ಲ ೩೨ ಬಿಟ್‌ನವಾಗಿದ್ದ ಕಾಲ ಅದು. ಆ ಯಂತ್ರಗಳು ಗುಜರಿಗೆ ಹೋದವು. ಸರ್ವೆ ನಂಬರೂ ಹಿಸ್ಸಾ ನಂಬರೂ ಉಳಿದು ಇಂದಿಗೂ ರೈತನ ಕೈಗೆ ಬರುತ್ತಿವೆ.

ಹಾಗಾದರೆ ಯಾರು ಬದಲಾಯಿಸಬೇಕು? ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಂ’, ಅದರೊಳಗೆ ‘ಅಬೌಟ್’ ಎಂಬಲ್ಲಿ ನೋಡಿದರೆ ಪ್ರೊಸೆಸರು ಎಷ್ಟು ಬಿಟ್‌ನದು, ವ್ಯವಸ್ಥೆ ಎಷ್ಟು ಬಿಟ್‌ನದು ಎಂದು ಬೇರೆ ಬೇರೆಯಾಗಿ ಬರೆದಿರುತ್ತದೆ. ಪ್ರೊಸೆಸರು ೬೪ ಇದ್ದು ವ್ಯವಸ್ಥೆ ೩೨ ಇರುವ ಯಂತ್ರಗಳು ನಮ್ಮಲ್ಲಿ ಇನ್ನೂ ಕಾಣಸಿಗುತ್ತವೆ. ರ‍್ಯಾಮ್ ೪ ಗಿಗಾಬೈಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಲ್ಲಿ ೬೪ ಬಿಟ್‌ನ ವ್ಯವಸ್ಥೆಯನ್ನು ಹಾಕುವುದು ಒಳ್ಳೆಯದು. ೨ ಗಿಗಾಬೈಟ್ ಮಾತ್ರ ಇದ್ದರೆ ಲಾಭವಿಲ್ಲ. ದಪ್ಪ ಕೈಮರಗಳು ಇದ್ದ ಜಾಗವನ್ನೂ ತಿಂದು ಯಂತ್ರ ಇನ್ನಷ್ಟು ತೆವಳೀತು. ಮೊದಲು ರ‍್ಯಾಮ್ ಹೆಚ್ಚಿಸಬೇಕು, ಆಮೇಲೆ ಬಿಟ್. ೩೨ ಬಿಟ್‌ನ ವಿಂಡೋಸನ್ನು ಇದ್ದ ಹಾಗೆಯೇ ೬೪ಕ್ಕೆ ಏರಿಸಲು ಬರುವುದಿಲ್ಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಬೇಕಾದುದರಿಂದ ಕಡತಗಳ ಪ್ರತಿ ತೆಗೆದಿಡದೆ ಕೈಹಾಕಬಾರದು. ವಿಂಡೋಸ್ ೧೧ಕ್ಕಾದರೋ ೬೪ ಬಿಟ್ ಇದ್ದರೂ ಸಾಲದು; ಟಿಪಿಎಂ ೨.೦ ಎಂಬ ಭದ್ರತಾ ಘಟಕವನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಅದು ಕೇಳುತ್ತದೆ. ಆ ಅರ್ಹತೆಯಿಲ್ಲದ ೬೪ ಬಿಟ್‌ನ ಯಂತ್ರಗಳಿಗೆ ಲಿನಕ್ಸ್ ಒಂದು ದಾರಿ. ೩೨ ಬಿಟ್‌ನ ಪ್ರೊಸೆಸರಿಗೆ ಆ ದಾರಿಯೂ ಕಿರಿದಾಗುತ್ತಿದೆ: ಉಬುಂಟು ೨೦೧೭ರಲ್ಲಿ ೩೨ ಬಿಟ್‌ನ ಡೆಸ್ಕ್‌ಟಾಪ್ ರೂಪವನ್ನು ಕೈಬಿಟ್ಟಿತು, ೨೦೨೫ರ ಡೆಬಿಯನ್ ೧೩ ಅದನ್ನು ಪೂರ್ಣ ವ್ಯವಸ್ಥೆಯಾಗಿ ಕೊಡುವುದನ್ನು ನಿಲ್ಲಿಸಿತು. ಬ್ಯಾಂಕಿನ ವ್ಯವಹಾರವನ್ನೋ ಪರೀಕ್ಷಾ ಶುಲ್ಕವನ್ನೋ ಅಂತರಜಾಲದ ಮೂಲಕ ಮಾಡುವವರು ಭದ್ರತಾ ಪರಿಷ್ಕಾರಗಳಿಲ್ಲದ ವ್ಯವಸ್ಥೆಯಲ್ಲಿ ಉಳಿಯುವುದು ಸರಿಯಲ್ಲ. ಅವರು ಬದಲಾಯಿಸಬೇಕಾದುದು ವೇಗಕ್ಕಾಗಿ ಅಲ್ಲ, ಈ ಕಾರಣಕ್ಕಾಗಿ. (ಕೈಯಲ್ಲಿರುವ ಫೋನಿನ ವಿಷಯ ಆಗಲೇ ತೀರ್ಮಾನವಾಗಿದೆ, ೨೦೧೯ರ ಆಗಸ್ಟ್‌ನಿಂದ ಗೂಗಲ್ ಸಂಸ್ಥೆಯು ಹೊಸ ಆ್ಯಪ್‌ಗಳಿಗೆ ೬೪ ಬಿಟ್ ರೂಪವನ್ನು ಕಡ್ಡಾಯ ಮಾಡಿತು.)

ಮುದ್ರಣಾಲಯದವರೂ ಬೆರಳಚ್ಚಿನ ಅಂಗಡಿಯವರೂ ಹಿಡಿಯಬೇಕಾದ ಕ್ರಮ ಇದಕ್ಕಿಂತ ಭಿನ್ನ. ಅವರು ಮೊದಲು ಯಂತ್ರವನ್ನಲ್ಲ, ಕಡತಗಳನ್ನು ಬದಲಾಯಿಸಬೇಕು. ಹಳೆಯ ಕಂಪ್ಯೂಟರು ಬದುಕಿರುವಾಗಲೇ, ಮತ್ತೆ ಬೇಕಾಗುವ ಬರೆಹಗಳನ್ನು ‘ನುಡಿ’ ಅಥವಾ ‘ಬರಹ’ದ ಜೊತೆಗೆ ಬರುವ ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿ, ಮೂಲದ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ ತಿದ್ದಬೇಕು. ಓದುವಾಗ ಮೂರು ಸ್ಥಳಗಳಲ್ಲಿ ಕಣ್ಣು ಚುರುಕಾಗಿರಲಿ. ಅರ್ಕಾವತ್ತು ಬರೆಹದಲ್ಲಿ ವ್ಯಂಜನದ ನಂತರ ಬಂದರೂ ಯೂನಿಕೋಡಿನಲ್ಲಿ ಅದಕ್ಕೆ ಮೊದಲು ಬರುವುದರಿಂದ ಪರಿವರ್ತಕ ಅಲ್ಲಿ ಎಡವುವುದುಂಟು. ಅನುಸ್ವಾರದ ಸೊನ್ನೆಯೂ ಅಂಕೆಯ ಸೊನ್ನೆಯೂ ಒಂದಕ್ಕೊಂದು ಅದಲುಬದಲಾಗಿರಬಹುದು. ಎರಡೆರಡು ಒತ್ತುಗಳಿರುವ ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳಲ್ಲಿ ಒಂದು ಒತ್ತು ಬಿದ್ದುಹೋಗಿರಬಹುದು. ಇಷ್ಟು ಮುಗಿದ ಮೇಲೆ ಎಷ್ಟು ಬಿಟ್‌ನ ಯಂತ್ರವನ್ನಾದರೂ ಕೊಳ್ಳಬಹುದು.